ಗೇಟಿನ ಹೊರಗಿನ ಮಕ್ಕಳು

ಕಳೆದ ತಿಂಗಳು ಪರದೆಗೆ ಅಂಚು ಹೊಲಿಸಲೆಂದು ಹಲಸೂರಿನ ಬಜಾರು ಬೀದಿಯ ದರ್ಜಿಯೊಬ್ಬನ ಅಂಗಡಿಗೆ ಹೋಗಿದ್ದೆ. ಅಲ್ಲಿ ಯಾವುದೋ ಸೆಕ್ಯೂರಿಟಿಯವರ ಸಮವಸ್ತ್ರಕ್ಕೆಂದು ತಂದ ಖಾಕಿ ಥಾನುಗಳನ್ನು ನನ್ನ ಎದೆಯೆತ್ತರಕ್ಕೆ ಪೇರಿಸಿದ್ದರು. ಇನ್ನೂ ಒಗೆಯದ ಖಾಕಿಯ ಗಂಜಿ ವಾಸನೆ, ಅದರೊಳಗೆ ಬೆರೆತ ಮೆಷಿನ್ನಿನ ಎಣ್ಣೆಯ ವಾಸನೆ. ದರ್ಜಿ ಅಳತೆ ಕೇಳುತ್ತಿದ್ದ, ನನ್ನ ಕಿವಿಗೆ ಬೀಳಲಿಲ್ಲ. ನಮ್ಮಮ್ಮನ ಸೆರಗಿಗೆ ಇದೇ ವಾಸನೆಯಿತ್ತು. ಆದರೆ ಅಮ್ಮನಿಗಿಂತ ಮೊದಲು ಕಣ್ಣೆದುರು ಬಂದು ನಿಂತವಳು ಪಕ್ಕದ ಮನೆಯ ಅಕ್ಕ...

ಅದು ಎರಡನೆಯ ಮಹಾಯುದ್ಧದ ಕಾಲ. ಅಪ್ಪ ಪಟಾಲಮ್ಮಿನ ಲಾರಿ ಡ್ರೈವರಾಗಿ ಅಸ್ಸಾಮಿನ ಕಡೆ ಹೋಗಿದ್ದರು. ದೊಡ್ಡನೆಕ್ಕುಂದಿಯಲ್ಲಿ ದೊಡ್ಡಪ್ಪ ಉಳುತ್ತಿದ್ದ ಹೊಲದಿಂದ ನಮ್ಮ ಪಾಲಿನ ರಾಗಿ ಬರುತ್ತಿತ್ತು, ಉಳಿದಿದ್ದಕ್ಕೆಲ್ಲ ಅಮ್ಮನೇ ದುಡಿಯಬೇಕಿತ್ತು. ಹಲಸೂರು ಕೆರೆಯ ಆಚೆ ಒಬ್ಬ ಕಂಟ್ರಾಕ್ಟರು ದೊಡ್ಡ ತಗಡಿನ ಶೆಡ್ಡು ಹಾಕಿ ಸಿಪಾಯಿಗಳ ಅಂಗಿ, ಡೇರೆಗಳನ್ನು ಹೊಲಿಸುತ್ತಿದ್ದರು. ನಮ್ಮ ಓಣಿಯ ಅರ್ಧ ಹೆಂಗಸರು ಅಲ್ಲಿಗೇ ಹೋಗುತ್ತಿದ್ದರು. ಅಮ್ಮ ಅಂಗಿಗಳಿಗೆ ಕಾಜಾ ಹಾಕುತ್ತಿದ್ದಳು, ಅಕ್ಕ ಮೆಷಿನ್ನು ತುಳಿಯುತ್ತಿದ್ದಳು. ತಮ್ಮ ಆಗಿನ್ನೂ ಅಂಬೆಗಾಲಿಡುವ ಕೂಸು. ಅವನನ್ನು ನೋಡಿಕೊಳ್ಳಲು ನನ್ನನ್ನು ಶಾಲೆ ಬಿಡಿಸಿದ್ದರು. ನನ್ನ ಸ್ಲೇಟನ್ನು ಅಮ್ಮ ಅಡುಗೆಮನೆಯ ಅಟ್ಟದ ಮೇಲಿಟ್ಟಳು. ಬೇರೆ ದಾರಿ ಇರಲಿಲ್ಲ ಅವಳಿಗೆ.

ಅಕ್ಕನ ಮನೆಯವರು ತಮಿಳರು, ಅವಳ ತಾತನ ಕಾಲದಲ್ಲೇ ಬುದ್ಧನ ದಾರಿ ಹಿಡಿದವರು. ಚಿಕ್ಕ ವಯಸ್ಸಿಗೇ ಗಂಡ ತೀರಿಕೊಂಡು, ಮಕ್ಕಳಿಲ್ಲದೆ ತಂದೆಯ ಮನೆಗೆ ಮರಳಿದ್ದಳು. ಎತ್ತರದ ಹೆಂಗಸು. ಮಾತಾಡುವಾಗ ಎದುರಿನವರ ಮುಖವನ್ನೇ ನೆಟ್ಟಗೆ ನೋಡುತ್ತಿದ್ದಳು. ಗಂಡಸರಿಗೆ ಅದು ಸರಿಬರುತ್ತಿರಲಿಲ್ಲ. ನಮ್ಮ ಹತ್ತಿರ ಕನ್ನಡ, ತಂದೆಯ ಹತ್ತಿರ ತಮಿಳು, ಮೂಲೆಮನೆಯ ಬೀಡಿ ಕಟ್ಟುವ ಸಾಬರ ಹೆಂಗಸರ ಹತ್ತಿರ ಉರ್ದು ಆಡುತ್ತಿದ್ದಳು. ಅವರಿಗೆ ಅವಳು ಆಪಾ, ನಮಗೆಲ್ಲ ಅಕ್ಕ.

ಓಣಿಯ ಕೊನೆಯಲ್ಲಿ ಹೂ ಮಾರುವವಳೊಬ್ಬಳಿದ್ದಳು. ಬೆಳಕು ಹರಿಯುವ ಮೊದಲೇ ಮಾರ್ಕೆಟ್ಟಿಗೆ ಹೋಗಿ ಹೂ ತಂದು, ಕಟ್ಟಿ, ಸೋಮೇಶ್ವರನ ಗುಡಿಯ ಮುಂದೆ ಕೂರುತ್ತಿದ್ದಳು. ಅವಳಿಗೊಂದು ಹೆಣ್ಣುಕೂಸು. ಅದು ಅಳದೆ ಮಲಗಿರಲೆಂದು ಸಾಸಿವೆಯಷ್ಟು ಅಫೀಮನ್ನು ಹಾಲಿನಲ್ಲಿ ತೇಯ್ದು ಕುಡಿಸಿ ಹೋಗುತ್ತಿದ್ದಳು. ಅವಳೊಬ್ಬಳೇ ಅಲ್ಲ, ಕೆಲಸಕ್ಕೆ ಹೋಗುವ ಎಷ್ಟೋ ತಾಯಂದಿರು ಹಾಗೆ ಮಾಡುತ್ತಿದ್ದರು. ಅದನ್ನು ಯಾರೂ ದೊಡ್ಡ ವಿಷಯವೆಂದು ಎಣಿಸುತ್ತಿರಲಿಲ್ಲ. ಒಂದು ಮಧ್ಯಾಹ್ನ ಅವಳು ಮನೆಗೆ ಬಂದಾಗ ಕೂಸು ಏಳಲಿಲ್ಲ...

ಆ ಕೂಗು ನನಗೆ ಇವತ್ತಿಗೂ ಕೇಳಿಸುತ್ತದೆ. ಓಣಿಯೆಲ್ಲ ಅವಳ ಬಾಗಿಲಿಗೆ ಬಂದು ನಿಂತಿತು. ಮಣ್ಣು ಮಾಡಿ ಬಂದ ಮೇಲೂ ಜನ ಕದಲಲಿಲ್ಲ. ಹೆತ್ತವಳೇ ಕೊಂದಳು ಎಂದು ಗಂಡಸರು ಅವಳಿಗೆ ಕೇಳುವಂತೆಯೇ ಆಡಿದರು. ಕೆಲವು ಹೆಂಗಸರೂ ಆಡಿದರು. ಆಗ ಶೆಡ್ಡಿನಿಂದ ಬಂದ ಅಕ್ಕ ಗುಂಪನ್ನು ಸರಿಸಿಕೊಂಡು ಹೋಗಿ ಆ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ದನಿ ಏರಿಸಲಿಲ್ಲ.

"ಇವಳನ್ನ ಬೈಯೋರು ಯಾರ್ಯಾರು, ಮುಂದೆ ಬನ್ನಿ. ನಾಳೆಯಿಂದ ಯಾರ ಮಗೂನ ಯಾರು ನೋಡ್ಕೋತೀರ, ಅದನ್ನ ಹೇಳ್ಬಿಟ್ಟು ಆಮೇಲೆ ಬೈರಿ."

ಗುಂಪು ಕರಗಿತು.

ಆ ವಾರವೆಲ್ಲ ಅಕ್ಕ ಮನೆಮನೆಗೆ ಹೋದಳು. ನಮ್ಮ ಮನೆಯ ಹೊಸ್ತಿಲ ಮೇಲೆ ಕೂತು ಅಮ್ಮನ ಜೊತೆ ಬಹಳ ಹೊತ್ತು ಮಾತಾಡಿದ್ದು ನೆನಪಿದೆ. ಕೆಲಸ ಹೋದರೆ ಏನು ಮಾಡಲಿ ಎಂದು ಅಮ್ಮ ಅಳುತ್ತಿದ್ದಳು. ಎಲ್ಲರನ್ನೂ ಒಂದೇ ದಿನ ಹೇಗೆ ತೆಗೀತಾರೆ, ಆ ಅಂಗಿಗಳನ್ನು ಕಂಟ್ರಾಕ್ಟರೇ ಕೂತು ಹೊಲೀತಾರಾ ಎಂದು ಅಕ್ಕ ಕೇಳಿದಳು. ಆ ಮಾತಿಗೆ ಅಮ್ಮ ಅಳುತ್ತಲೇ ನಕ್ಕುಬಿಟ್ಟಳು.

ಮುಂದಿನ ಸೋಮವಾರ ಶೆಡ್ಡಿನ ಹೆಂಗಸರೆಲ್ಲ ತಮ್ಮ ಮಕ್ಕಳನ್ನು ಎತ್ತಿಕೊಂಡು ಕೆಲಸಕ್ಕೆ ಹೋದರು. ನಾನೂ ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ಹೋದೆ. ಗೇಟಿನ ಕಾವಲುಗಾರ ತಡೆದ, ಆದರೆ ಅಷ್ಟು ಹೆಂಗಸರನ್ನು ಅವನೊಬ್ಬ ಎಲ್ಲಿ ತಡೆದಾನು? ಒಳಗೆ ಹೋಗಿ ಮಕ್ಕಳನ್ನು ನೆಲಕ್ಕೆ ಬಿಟ್ಟರು. ಆಮೇಲೆ ನಡೆದದ್ದನ್ನು ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ಮಕ್ಕಳು ಖಾಕಿಯ ರಾಶಿ ಹತ್ತಿದವು, ಗುಂಡಿಗಳನ್ನು ಬಾಯಿಗೆ ಹಾಕಿಕೊಂಡವು, ಕತ್ತರಿಸಿಟ್ಟ ತೋಳುಗಳನ್ನು ಎಳೆದಾಡಿದವು. ನನ್ನ ತಮ್ಮ ಇಸ್ತ್ರಿ ಮಾಡಿ ಮಡಿಸಿಟ್ಟಿದ್ದ ಅಂಗಿಗಳ ಮೇಲೇ ಉಚ್ಚೆ ಹೊಯ್ದ. ಹೆಂಗಸರು ಮೆಷಿನ್ನು ಬಿಟ್ಟು ಮಕ್ಕಳ ಹಿಂದೆ ಓಡುತ್ತಿದ್ದರು. ಹೊಲಿಗೆ ನಿಂತೇ ಹೋಯಿತು. ಅವತ್ತೇ ಮಿಲಿಟರಿ ಲಾರಿ ಮಾಲು ತುಂಬಿಕೊಂಡು ಹೋಗಲು ಬರಬೇಕಿತ್ತು.

ಕಂಟ್ರಾಕ್ಟರು ಮೊದಲು ಕೂಗಾಡಿದರು. ಪೊಲೀಸರನ್ನು ಕರೆಸುತ್ತೇನೆಂದರು. ಅಕ್ಕ ಕರೆಸಿ ಎಂದಳು, ಅವರಿಗೂ ಒಂದೊಂದು ಮಗು ಕೊಡುತ್ತೇವೆ ಎಂದಳು. ಊಟದ ಹೊತ್ತಿಗೆ ಕಂಟ್ರಾಕ್ಟರ ದನಿ ಇಳಿಯಿತು. ಗೋಡೌನಿನ ಪಕ್ಕದ ಕೋಣೆ ಖಾಲಿ ಮಾಡಿಸಿ ಒಬ್ಬ ಆಯಾಳನ್ನು ಇಡುತ್ತೇನೆ, ಮಕ್ಕಳಿಗೆ ಹಾಲು ಕೊಡಿಸುತ್ತೇನೆ ಎಂದು ಒಪ್ಪಿಕೊಂಡರು. ಹೆಂಗಸರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಆಗ ಅಕ್ಕ, ಓಣಿಯ ಬೇರೆ ಮಕ್ಕಳನ್ನೂ ಅಲ್ಲಿ ಬಿಡಬಹುದಲ್ಲವೇ ಎಂದು ಕೇಳಿದಳು. ಹೂವಿನವರ, ಬೀದಿ ಗುಡಿಸುವವರ, ಬೀಡಿ ಕಟ್ಟುವವರ ಮಕ್ಕಳನ್ನು. ಕಂಟ್ರಾಕ್ಟರು ಬೆರಗಾಗಿ ಅವಳನ್ನು ನೋಡಿದರು. ಊರ ಮಕ್ಕಳೆಲ್ಲ ನನಗೇನಾಗಬೇಕು, ನನ್ನ ಹಾಜರಿ ಪುಸ್ತಕದಲ್ಲಿ ಹೆಸರಿರುವವರ ಮಕ್ಕಳಿಗೆ ಮಾತ್ರ ಎಂದರು.

"ಸತ್ತ ಮಗು ನಿಮ್ಮ ಹಾಜರಿಯಲ್ಲಿ ಇರ್ಲಿಲ್ಲ ಸ್ವಾಮಿ," ಎಂದಳು ಅಕ್ಕ. "ಅದಕ್ಕೋಸ್ಕರಾನೇ ನಾವು ಇವತ್ತು ಬಂದಿದ್ದು."

ಕಂಟ್ರಾಕ್ಟರು ಜಗ್ಗಲಿಲ್ಲ. ಹೆಂಗಸರು ತಲೆ ತಗ್ಗಿಸಿದರು. ಅಮ್ಮನೂ ತಗ್ಗಿಸಿದಳು. ಸಿಕ್ಕಿದ್ದು ಕೈತಪ್ಪುತ್ತದೆಂಬ ಭಯ. ಮಾರನೆಯ ದಿನ ಕೋಣೆ ತೆರೆಯಿತು, ಅಕ್ಕನ ಕೆಲಸ ಹೋಯಿತು. ಅಮ್ಮ ಅವಳ ಮನೆಗೆ ಹೋಗಿ ಬಾಗಿಲಲ್ಲೇ ನಿಂತಳು, ಒಳಗೆ ಹೋಗಲು ಮುಖವಿಲ್ಲದೆ. ನಾನು ಅಮ್ಮನ ಸೆರಗು ಹಿಡಿದು ಹಿಂದೆ ನಿಂತಿದ್ದೆ. ಅಕ್ಕ ಅವಳ ಕೈಹಿಡಿದು ಒಳಕ್ಕೆ ಎಳೆದುಕೊಂಡಳು.

"ತಗೊಳ್ಳಿ, ಸಿಕ್ಕಿದ್ದನ್ನ ಯಾಕೆ ಬಿಡ್ತೀರ? ಆದ್ರೆ ಸಾಕು ಅಂತ ಮಾತ್ರ ಅನ್ಬೇಡಿ."

ತಮ್ಮ ಆ ಕೋಣೆಗೆ ಹೋದ. ಅಟ್ಟದ ಮೇಲಿದ್ದ ಸ್ಲೇಟು ಕೆಳಗಿಳಿಯಿತು.

ಅಕ್ಕನ ಕಡೆಯವರಿಗೆ ಒಂದು ಪುಟ್ಟ ಪ್ರಾರ್ಥನಾ ಮಂದಿರವಿತ್ತು. ಹೆಂಚಿನ ಮಾಡು, ಗೋಡೆಯ ಗೂಡಿನಲ್ಲಿ ಬುದ್ಧ, ಭಾನುವಾರ ಬಿಟ್ಟರೆ ಉಳಿದ ದಿನ ಬೀಗ. ಹಿರಿಯರ ಜೊತೆ ಜಗಳವಾಡಿ ಅವಳು ಬೀಗದ ಕೈ ಇಸಿದುಕೊಂಡಳು. ಹೂವಿನವಳೇ ಅಲ್ಲಿ ಅವಳ ಜೊತೆಗೆ ನಿಂತಳು. ಇಬ್ಬರೂ ಸೇರಿ ರಾಗಿ ಗಂಜಿ ಕಾಯಿಸಿ, ಯಾರ ಮಗು ಬಂದರೂ ಕೂರಿಸಿಕೊಂಡು ಕುಡಿಸುತ್ತಿದ್ದರು. ರಾತ್ರಿ ಮನೆಮನೆಯ ರವಿಕೆ ಹೊಲಿದು ಅಕ್ಕ ಹೊಟ್ಟೆ ಹೊರೆಯುತ್ತಿದ್ದಳು. ಗುಡಿಸುವವರ ಮಕ್ಕಳು ಕುಡಿದ ಲೋಟದಲ್ಲಿ ತಮ್ಮ ಮಕ್ಕಳೂ ಕುಡಿಯುತ್ತಾರೆಂದು ಕೆಲವರು ತಕರಾರು ತೆಗೆದರು, ಬೇರೆ ಲೋಟ ಇಡು ಎಂದರು. ಅವಳು ಇಡಲಿಲ್ಲ. ಮಕ್ಕಳನ್ನು ಬಿಡಿಸಿಕೊಂಡು ಹೋದವರನ್ನು ತಡೆಯಲೂ ಇಲ್ಲ. ಕೆಲವರು ನಾಚಿಕೊಂಡು ಮತ್ತೆ ಬಂದರು. ಕೆಲವರು ಬರಲೇ ಇಲ್ಲ.

ಆದರೆ ಮಂದಿರದಲ್ಲಿ ಮಕ್ಕಳನ್ನು ನೋಡಿಕೊಳ್ಳುವುದು ಅವಳ ಗುರಿಯಾಗಿರಲಿಲ್ಲ. ಇದನ್ನು ಜನ ಆಗಲೂ ಅರ್ಥಮಾಡಿಕೊಳ್ಳಲಿಲ್ಲ, ಆಮೇಲೂ ಅರ್ಥಮಾಡಿಕೊಳ್ಳಲಿಲ್ಲ. ದಂಡು ಪ್ರದೇಶದ ಪ್ರತಿ ವಾರ್ಡಿನಲ್ಲೂ ಒಂದು ಮಕ್ಕಳ ಮನೆ ಬೇಕು, ನಲ್ಲಿ ಹಾಕಿಸಿದಂತೆ, ಬೀದಿ ದೀಪ ಹಾಕಿಸಿದಂತೆ ಅದನ್ನೂ ಸರಕಾರವೇ ಮಾಡಬೇಕು ಎಂಬುದು ಅವಳ ಹಟ. ಅದಕ್ಕಾಗಿ ಕೆಲಸವಿಲ್ಲದ ಹೆಂಗಸರು ಯಾರು ಸಿಕ್ಕರೂ ಕರೆದುಕೊಂಡು ದಂಡಿನ ಮುನಿಸಿಪಾಲಿಟಿಯ ಕಚೇರಿಗೆ ಹೋಗುತ್ತಿದ್ದಳು. ಶಾಲೆಗೆ ರಜೆಯಿದ್ದಾಗ ನಾನೂ ಹೋಗಿದ್ದೇನೆ. ಜವಾನ ಹೊರಗೇ ಕಾಯಿಸುತ್ತಿದ್ದ. ಒಂದು ದಿನ ಅಧಿಕಾರಿ ಒಳಗೆ ಕರೆದರು. ಕೆಟ್ಟ ಮನುಷ್ಯರೇನಲ್ಲ. ಅವಳ ಸಮಾಜಸೇವೆಯ ಬಗ್ಗೆ ಕೇಳಿದ್ದೇನೆಂದು ಹೊಗಳಿದರು. ಒಂದು ಸಭೆ ಮಾಡಿ ಶಾಲು ಹೊದಿಸುವ ಮಾತಾಡಿದರು. ನಾನು ಹಿಗ್ಗಿಹೋದೆ. ಅಕ್ಕನ ಮುಖ ಮಾತ್ರ ಗಂಟಿಕ್ಕಿತು.

"ನಾನು ಸೇವೆ ಮಾಡ್ತಿಲ್ಲ ಸ್ವಾಮಿ. ಇದು ನಿಮ್ಮ ಕೆಲಸ. ನೀವು ಮಾಡ್ತಿಲ್ಲ ಅಂತ ನಾನು ಮಾಡ್ತಿದೀನಿ."

ಅಧಿಕಾರಿ ಮುಂದಿದ್ದ ಕಾಗದಗಳನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ, ನಿನಗೆ ಮಕ್ಕಳೆಷ್ಟು ಎಂದು ಕೇಳಿದರು. ಇಲ್ಲ ಎಂದಳು. ಮತ್ತೆ ನಿನಗೇಕೆ ಇಷ್ಟು ಹಟ ಎಂದರು.

"ನನಗೊಂದು ಇದ್ದಿದ್ರೆ ಅದೊಂದಕ್ಕೇ ಕೇಳ್ಕೊಂಡು ಸುಮ್ನಾಗ್ತಿದ್ನೋ ಏನೋ," ಎಂದಳು.

ಹೊರಗೆ ಬಂದ ಮೇಲೆ ಕಚೇರಿಯ ಮೆಟ್ಟಿಲ ಮೇಲೆ ಕೂತು ಬಿಕ್ಕಿಬಿಕ್ಕಿ ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆಮೇಲೆ ಎದ್ದು ಸೆರಗು ಕೊಡವಿಕೊಂಡು, ನಡಿ, ಗಂಜಿ ಹೊತ್ತಾಯ್ತು ಎಂದಳು.

ಯುದ್ಧ ಮುಗಿಯಿತು. ಶೆಡ್ಡಿಗೆ ಕೆಲಸ ಬರುವುದು ನಿಂತು, ಒಂದು ಬೆಳಿಗ್ಗೆ ಗೇಟಿಗೆ ಬೀಗ ಬಿತ್ತು. ಕೆಲಸದ ಜೊತೆಗೆ ಮಕ್ಕಳ ಕೋಣೆಯೂ ಹೋಯಿತು. ಹೆಂಗಸರು ಕುಕ್ ಟೌನಿನ ಬಂಗಲೆಗಳಲ್ಲಿ ಪಾತ್ರೆ ತಿಕ್ಕಲು ಹೋದರು, ಗಾರೆ ಕೆಲಸಕ್ಕೆ ಹೋದರು. ಮಕ್ಕಳು ಮತ್ತೆ ಓಣಿಗೆ ಬಿದ್ದವು. ಹಾಜರಿಯಲ್ಲಿ ಹೆಸರಿದ್ದರೆ ಮಾತ್ರ ಮಗುವಿಗೆ ಜಾಗ ಎಂದರೆ ಏನರ್ಥವೆಂದು ಆಗ ಎಲ್ಲರಿಗೂ ತಿಳಿಯಿತು. ಶೆಡ್ಡಿನಲ್ಲಿ ತಲೆ ತಗ್ಗಿಸಿದ್ದ ಹೆಂಗಸರೇ ಒಬ್ಬೊಬ್ಬರಾಗಿ ಮಂದಿರದ ಬಾಗಿಲಿಗೆ ಬಂದರು. ಅಕ್ಕ ಹಳೆಯದನ್ನು ಎತ್ತಿ ಆಡಲಿಲ್ಲ. ಮಗುವನ್ನು ಇಸಿದುಕೊಂಡು, ಕಚೇರಿಗೆ ಯಾವತ್ತು ಬರ್ತೀಯ ಎಂದಷ್ಟೇ ಕೇಳುತ್ತಿದ್ದಳು.

ಈ ಸಲ ಅವರು ಬಹಳ ಜನ ಹೋದರು. ಅಮ್ಮ ಮೊದಲ ಸಾಲಿನಲ್ಲಿದ್ದಳು. ಕಚೇರಿಯ ಜಗುಲಿಯಲ್ಲೇ ಮಕ್ಕಳಿಗೆ ಉಣಿಸಿದರು, ಅಲ್ಲೇ ಸೀರೆ ಕಟ್ಟಿ ತೂಗಿದರು. ಗುಮಾಸ್ತರು ಜೋಲಿಗಳ ಕೆಳಗೆ ಬಗ್ಗಿ ಓಡಾಡಬೇಕಾಯಿತು. ಇದು ಬಹಳ ದಿನ ನಡೆಯಿತು. ಅಷ್ಟರಲ್ಲಿ ಸ್ವಾತಂತ್ರ್ಯ ಬಂತು, ಅಧಿಕಾರಿ ಬದಲಾದರು. ಕೊನೆಗೆ ನಮ್ಮ ವಾರ್ಡಿನಲ್ಲಿ ಒಂದು ಮಕ್ಕಳ ಮನೆ ಮಂಜೂರಾಯಿತು. ಸಂಬಳದ ಆಯಾ, ಹಾಲು, ಯಾವ ಮಗು ಬಂದರೂ ಒಳಕ್ಕೆ. ಬಾಗಿಲು ತೆರೆದ ದಿನ ಓಣಿಯೆಲ್ಲ ಹಬ್ಬ. ಹೂವಿನವಳು ಬಾಗಿಲಿಗೆ ಮಲ್ಲಿಗೆ ಇಳಿಬಿಟ್ಟು, ಒಳಗೆ ಹೋಗಿ ಖಾಲಿ ತೊಟ್ಟಿಲೊಂದನ್ನು ತುಂಬ ಹೊತ್ತು ತೂಗುತ್ತಾ ನಿಂತಿದ್ದಳು...

ಹೊಸ ಅಧಿಕಾರಿ ಅಕ್ಕನ ಕಡೆ ತಿರುಗಿ, ಈಗ ಸಮಾಧಾನವಾಯಿತೇ ಎಂದರು. ಪಕ್ಕದ ವಾರ್ಡಿನ ಮನೆ ಯಾವಾಗ ಎಂದು ಅವಳು ಕೇಳಿದಳು.

ಆ ಎರಡನೆಯ ಮನೆಯನ್ನು ಅವಳು ನೋಡಲಿಲ್ಲ. ಅವಳಿಗೆ ಆಗಲೇ ಕೆಮ್ಮು ಹಿಡಿದಿತ್ತು. ಮರುವರ್ಷದ ಚಳಿಗಾಲದಲ್ಲಿ ಕ್ಷಯ ಅವಳನ್ನು ಕೊಂಡೊಯ್ದಿತು. ಸೋಂಕು ತಗಲೀತೆಂದು ಮಕ್ಕಳನ್ನು ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ, ಕಿಟಕಿಯಿಂದಲೇ ಮಾತಾಡಿಸುತ್ತಿದ್ದಳು. ಕೊನೆಯ ಸಲ ನಾನು ಹೋದಾಗ ಪಾಠ ಏನಾಯ್ತೆಂದು ಕೇಳಿದಳು. ನಾನು ಏನೋ ಹೇಳಿದೆ... ಏನೆಂದು ಮರೆತಿದ್ದೇನೆ. ಅವಳಿಲ್ಲದ ಮೇಲೆ ವಾರ್ಡಿನ ಮನೆ ಕೆಲವು ವರ್ಷ ನಡೆದು ಮುಚ್ಚಿತು. ಆ ಜಾಗದಲ್ಲಿ ಈಗ ಚಪ್ಪಲಿ ಅಂಗಡಿಯಿದೆ. ಅವಳದೊಂದು ಫೋಟೋ ಕೂಡ ಯಾರ ಹತ್ತಿರವೂ ಇಲ್ಲ. ಅವಳನ್ನು ಬಲ್ಲ ಒಬ್ಬಿಬ್ಬರು ಮುದುಕಿಯರು, ಅಕ್ಕ ದೊಡ್ಡ ತಾಯಿ ಕಣೇ, ಎಲ್ಲರ ಮಕ್ಕಳನ್ನೂ ಸಾಕಿದಳು ಎನ್ನುತ್ತಾರೆ. ನನಗೆ ಸಿಟ್ಟು ಬರುತ್ತದೆ. ಅವಳು ಸಾಕಲು ಹೊರಟವಳಲ್ಲ, ಕೇಳಲು ಹೊರಟವಳು. ಕೇಳಿದ್ದು ಇನ್ನೂ ಸಿಕ್ಕಿಲ್ಲ.

ನಾನೀಗ ಮಗನ ಜೊತೆ ಸಿ.ವಿ. ರಾಮನ್ ನಗರದ ಅಪಾರ್ಟ್‌ಮೆಂಟಿನಲ್ಲಿದ್ದೇನೆ. ಕೆಳಗೆ ಪುಟ್ಟ ಮಕ್ಕಳಿಗೆಂದು ಬಣ್ಣ ಬಳಿದ ದೊಡ್ಡ ಹಾಲ್ ಇದೆ, ಇಲ್ಲಿ ಮನೆಯಿರುವವರ ಮಕ್ಕಳಿಗೆ ಮಾತ್ರ. ನಮ್ಮ ಮನೆಗೆ ಕೆಲಸಕ್ಕೆ ಬರುವಾಕೆ ಕೂಸನ್ನು ನೋಡಿಕೊಳ್ಳಲು ಯಾರೂ ಇಲ್ಲದೆ ದೊಡ್ಡ ಮಗಳನ್ನು ಈ ವರ್ಷ ಶಾಲೆ ಬಿಡಿಸಿದ್ದಾಳೆ. ಹೋದ ಭಾನುವಾರ ಇಲ್ಲಿನ ಸಂಘದ ಮೀಟಿಂಗಿಗೆ ಹೋಗಿ, ಕೆಲಸದವರ ಮಕ್ಕಳನ್ನೂ ಆ ಹಾಲ್‌ನಲ್ಲಿ ಬಿಡಬಹುದಲ್ಲವೇ ಎಂದು ಕೇಳಿದೆ. ಮುಂದೆ ನೋಡೋಣ ಅಜ್ಜಿ ಎಂದರು ಕಾರ್ಯದರ್ಶಿ, ಬಹಳ ಮರ್ಯಾದೆಯಿಂದಲೇ. ಅಕ್ಕ ಇದ್ದಿದ್ದರೆ ಏನು ಹೇಳುತ್ತಿದ್ದಳೋ... ಅವಳಿಲ್ಲ. ನನಗೆ ಅವಳಷ್ಟು ಎತ್ತರವೂ ಇಲ್ಲ, ಮಾತೂ ಬರುವುದಿಲ್ಲ. ಮುಂದಿನ ತಿಂಗಳೂ ಮೀಟಿಂಗ್ ಇದೆಯಂತೆ. ಮಂಡಿ ನೋವು, ಬೇಡಮ್ಮ ಎನ್ನುತ್ತಾನೆ ಮಗ. ಹೋಗೇ ಹೋಗುತ್ತೇನೆ.