ಬೆಳುಂಕಿಯ ದೊಡ್ಡಿಯಲ್ಲಿ ಬಾಲವಾಡಿ

ಉಮದಿಯ ಸಿದ್ದಲಿಂಗವ್ವ ಮರಾಠಿ ಏಳನೆಯ ಇಯತ್ತೆ ಪಾಸಾಗಿ ಅಣ್ಣನ ಮನೆಯಲ್ಲಿದ್ದಳು. ೧೯೫೪ರಲ್ಲಿ ಜತ್ತಿನ ಒಂದು ಸೇವಾ ಮಂಡಳಿ, ಚಿಕ್ಕ ಮಕ್ಕಳಿಗೊಂದು ಬಾಲವಾಡಿ ತೆರೆಯಲು ಅವಳನ್ನು ಬೆಳುಂಕಿಗೆ ಕಳಿಸಿತು. ಅದು ನಡೆದರೆ ಕೆಲಸ ಉಳಿಯುತ್ತಿತ್ತು. ನಿಂತರೆ ಅಣ್ಣನ ಮನೆಗೆ ಮರಳಬೇಕಿತ್ತು. ಅಣ್ಣ ಒಳ್ಳೆಯವನೇ. ಆದರೆ ತನ್ನದೇ ಒಲೆಯ ಮೇಲೆ ತನಗೆ ಬೇಕಾದಷ್ಟು ಖಾರ ಹಾಕಿಕೊಳ್ಳುವ ಸುಖ ಅವಳಿಗೆ ಆಗಲೇ ರೂಢಿಯಾಗಿತ್ತು.

ಮಂಡಳಿಯ ಮೇಲ್ವಿಚಾರಕ ಅಪ್ಪಾಸಾಬರು ಮೊದಲು ಮನೆಮನೆಗೂ ಹೋಗಿ ವಿಚಾರಿಸಲು ಹೇಳಿದ್ದರು. ಅವಳು ಹೋದಳು. ಎಲ್ಲರೂ ಕಂಬಳಿ ಹಾಸಿ ಕೂರಿಸಿದರು, ಬೆಲ್ಲ ನೀರು ಕೊಟ್ಟರು, ಮಕ್ಕಳನ್ನು ತಪ್ಪದೆ ಕಳಿಸುತ್ತೇವೆ ಎಂದರು. ತೆರೆದ ದಿನ ಅವಳು ಚಾವಡಿಯ ಕಟ್ಟೆ ಗುಡಿಸಿ, ರಂಗೋಲಿ ಬಿಟ್ಟು ಕಾದಳು. ಬಿಸಿಲು ನೆತ್ತಿಗೇರುವ ಹೊತ್ತಿಗೆ ಒಂದು ಕೋಳಿ ಬಂದು ರಂಗೋಲಿ ಕೆದರಿ ಹೋಯಿತು.

ಮತ್ತೆ ಮನೆಮನೆಗೆ ಹೋದಳು. ಮತ್ತೆ ಬೆಲ್ಲ, ಮತ್ತೆ ನಾಳಿನ ಮಾತು. ಮನೆಗೆ ಬಂದವರ ಮುಖಕ್ಕೆ ಒಲ್ಲೆವೆನ್ನುವುದು ಆ ಊರಿನ ರೀತಿಯಲ್ಲ. ತಾನು ಕೇಳಿದ ಪ್ರಶ್ನೆಯೇ ಅವರಿಂದ ಹೌದು ಅನ್ನಿಸುತ್ತಿದೆ ಎಂದು ಅವಳಿಗೆ ಹೊಳೆಯಿತು.

ಮರುದಿನ ಕುರುಬರ ಮಲಕವ್ವ ಉಣ್ಣೆ ನೂಲುತ್ತಿದ್ದಲ್ಲಿಗೆ ಸಿದ್ದಲಿಂಗವ್ವ ಹೋಗಿ ಕುಳಿತಳು.

“ಇವತ್ತೂ ಕರಿಯಾಕ ಬಂದೀರೇನ್ರಿ ಅಕ್ಕಾರ?” ಎಂದು ಮುದುಕಿ ನಕ್ಕಳು.

“ಇಲ್ಲ ಆಯಿ. ನಿನ್ನಿ ನಿನ್ನ ಮೊಮ್ಮಕ್ಕಳು ಮುಂಜಾನಿಂದ ಏನೇನ ಮಾಡಿದ್ರು, ಅಷ್ಟ ಹೇಳು.”

ಮಲಕವ್ವ ನೂಲುತ್ತಲೇ ಹೇಳಿದಳು. ಕುರಿಗಳು ಮೇಯಲು ಹೋದ ಮೇಲೆ ಎಳೆಯ ಮರಿಗಳು ದೊಡ್ಡಿಯಲ್ಲಿ ಉಳಿಯುತ್ತವೆ. ಅವಕ್ಕೆ ಬನ್ನಿ ಗಿಡದ ಎಲೆತಪ್ಪಲು ತಿನ್ನಿಸುವುದು, ನಾಯಿ ಬಾರದಂತೆ ಕಾಯುವುದು ಮಕ್ಕಳ ಪಾಲು. ಸಂಜೆ ಕುರಿಗಳು ಬಂದಾಗ ಯಾವ ಮರಿ ಯಾವ ತಾಯಿಯದೆಂದು ಹುಡುಕಿ ಬಿಡುವವರೂ ಅವರೇ. ಸಿದ್ದಲಿಂಗವ್ವ ಉಳಿದ ಮನೆಗಳಲ್ಲೂ ನಿನ್ನೆ ಮಕ್ಕಳು ಏನು ಮಾಡಿದರೆಂದೇ ಕೇಳಿದಳು. ಮಧ್ಯಾಹ್ನ ತಾನೇ ಹೋಗಿ ನೋಡಿದಳು. ಎಲ್ಲೆಡೆ ಅದೇ. ಆ ವಾರವೇ ಬಾಲವಾಡಿ ದೊಡ್ಡಿಗೆ ಹೋಯಿತು. ಮರಿಗಳನ್ನು ಎಣಿಸುತ್ತ ಮಕ್ಕಳು ಲೆಕ್ಕ ಕಲಿತರು. ತಪ್ಪಲು ಮುಟ್ಟುವ ಮುಂಚೆ ಒಬ್ಬರ ಕೈ ಒಬ್ಬರು ತೊಳೆದುಕೊಂಡರು, ನೀರಿಗಿಂತ ನಗುವೇ ಹೆಚ್ಚು.

ಅಪ್ಪಾಸಾಬರು ಬಂದಾಗ ಚಾವಡಿ ಖಾಲಿಯಿತ್ತು. ಸಿಟ್ಟಿನಿಂದಲೇ ದೊಡ್ಡಿಗೆ ಬಂದರು.

“ಬಾಲವಾಡಿ ಬಂದ್ ಮಾಡೀರೇನು? ಹಂಗಿದ್ರ ನಾಳಿ ಊರಿಗಿ ಹೋಗ್ರಿ.”

ಸಿದ್ದಲಿಂಗವ್ವ ಎದ್ದು ನಿಂತಳು. ಮಾತು ನೆಟ್ಟಗೆ ಬಂತು. “ಕಳಸ್ತೀರೇನು ಅಂದ್ರ ಹೌದು ಅಂತಾರ್ರಿ ಸಾಹೇಬರ. ನಿನ್ನಿ ಏನ ಮಾಡಿದ್ರಿ ಅಂದ್ರ ಖರೇ ಹೇಳ್ತಾರ. ಮಕ್ಕಳು ಇಲ್ಲಿ ಅದಾರ, ಅದಕ್ಕ ನಾನೂ ಇಲ್ಲಿ ಬಂದೀನಿ.”

ಅಷ್ಟರಲ್ಲಿ ಒಂದು ಮರಿ ಸಾಹೇಬರ ಧೋತರದ ಅಂಚು ಜಗಿಯತೊಡಗಿತು.

“ಅದರ ಹೆಸರೂ ಹಾಜರಿ ಪಟ್ಟಿಗಿ ಹಚ್ಚಿಕೊಳ್ರಿ,” ಎಂದಳು ಅಲ್ಲೇ ನೂಲುತ್ತ ಕುಳಿತಿದ್ದ ಮಲಕವ್ವ. “ಇಡೀ ಸಾಲ್ಯಾಗ ಅದೊಂದ ಗೈರಹಾಜರ ಆಗಿಲ್ಲ.”

ಅಪ್ಪಾಸಾಬರು ಧೋತರ ಬಿಡಿಸಿಕೊಂಡು, ನಗು ತಡೆಯಲಾರದೆ ಕಂಬಳಿಯ ಮೇಲೆ ಕುಳಿತರು. ಬಾಲವಾಡಿ ಇಲ್ಲೇ ನಡೆಯಲಿ ಎಂದರು. ಗುಡ್ಡಾಪುರದಲ್ಲೂ ಒಂದು ತೆರೆಯುವುದಿದೆ, ಎಲ್ಲಿ, ಯಾವ ಹೊತ್ತಿಗೆ ಇಟ್ಟರೆ ಚಲೋ ಎಂದು ಕೇಳಿದರು.

“ಅದು ಅಲ್ಲಿ ಹೋಗಿ ಕೇಳಿದ ಮ್ಯಾಲ ಗೊತ್ತಾಗತೈತ್ರಿ.”

“ಹಂಗಾದ್ರ ನೀವ ಹೋಗಿ ಕೇಳಿ ಬರ್ರಿ. ಆಮ್ಯಾಲ ತೆರಿಯೂಣು.”

ದೂರದಲ್ಲಿ ಕೆಂಪು ಧೂಳೆದ್ದಿತು, ಕುರಿಗಳು ಬರುತ್ತಿದ್ದವು. ಮಕ್ಕಳು ಒಂದೊಂದು ಮರಿ ಎತ್ತಿಕೊಂಡು ಓಡಿದರು. ಆ ದಿನದ ಬಾಲವಾಡಿ ತಾನಾಗಿಯೇ ಬಿಟ್ಟಿತು.