ಯಂತ್ರಗಳ ಬಾಯಿ ಬಿಡಿಸುವ ಅಕ್ಕ

ಬೆಳಗಿನ ಐದೂಕಾಲು. ದೊಡ್ಡಾಸ್ಪತ್ರೆಯ ನೆಲಮಾಳಿಗೆಯಲ್ಲಿ, ರಕ್ತಪರೀಕ್ಷೆ ವಿಭಾಗಕ್ಕೆ ಸೇರಿದ ಕಿಟಕಿಯಿಲ್ಲದ ಕೋಣೆಯಲ್ಲಿ ಟ್ಯೂಬ್‌ಲೈಟ್ ನಾಲ್ಕು ಸಲ ಮಿಟುಕಿ ಹತ್ತಿಕೊಳ್ಳುತ್ತದೆ. ಎಲ್ಲರೂ 'ಆಪರೇಟರ್ ಅಕ್ಕ' ಎಂದು ಕರೆಯುವ ಹೆಂಗಸು ಸ್ವೆಟರಿನ ತೋಳು ಮೇಲೇರಿಸಿ ಕಂಪ್ಯೂಟರಿನ ಮುಂದೆ ಕೂರುತ್ತಾರೆ. ಕಪ್ಪು ಪರದೆಯ ಮೇಲೆ ಒಂದು ಆಜ್ಞೆ ಟೈಪು ಮಾಡಿ, ಕಾದು, ಬಂದ ಉತ್ತರವನ್ನು ನೋಟ್‌ಬುಕ್ಕಿಗೆ ಇಳಿಸುತ್ತಾರೆ. ಹನ್ನೊಂದು ಪರೀಕ್ಷಾ ಯಂತ್ರ, ಹನ್ನೊಂದು ಆಜ್ಞೆ. ಪುಟದಲ್ಲಿ ಮೂರು ಕಾಲಂ: 'ಹೇಳಿದ್ದು', 'ಗೊಣಗಿದ್ದು', 'ಹೋಗುವಾಗ ಬಿಟ್ಟ ಅಂಕಿ'.

ಕಂಪ್ಯೂಟರ್ ಮಾಡಬೇಕಾದ್ದನ್ನು ಕೈಯಲ್ಲಿ ಮಾಡುವುದೇ ಎಂದು ನಗಬೇಡಿ. ಒಂದೊಂದು ಯಂತ್ರಕ್ಕೂ ಒಂದು ಪುಟ್ಟ ಪ್ರೋಗ್ರಾಂ ಇದೆ. ಕರೆದರೆ ಬಂದು, ಏರುಪೇರು ಕಂಡ ರಕ್ತದ ಮಾದರಿಗಳ ಪಟ್ಟಿ ಒಪ್ಪಿಸುತ್ತದೆ. ಏರುಪೇರಿಲ್ಲದಿದ್ದರೆ ಏನೂ ಹೇಳುವುದಿಲ್ಲ. ಕೆಲಸ ಕೆಟ್ಟಾಗಲೂ ಪಟ್ಟಿ ಖಾಲಿಯೇ. ತಕರಾರನ್ನು ಬೇರೆ ದಾರಿಯಲ್ಲಿ ಗೊಣಗಿ, ಹೋಗುವಾಗ ಒಂದು ಅಂಕಿ ಬಿಟ್ಟುಹೋಗುತ್ತದೆ. ಸೊನ್ನೆ ಇದ್ದರೆ ಕೆಲಸ ಆಗಿದೆ, ಇನ್ನೇನಿದ್ದರೂ ಕೆಟ್ಟಿದೆ.

"ಅದಕ್ಕೆ ಎರಡು ಬಾಯಿ," ಎನ್ನುತ್ತಾರೆ ಅಕ್ಕ. "ಒಂದರ ಮಾತು ಕೇಳಿ ಇನ್ನೊಂದಕ್ಕೆ ಕಿವಿ ಮುಚ್ಕೊಂಡ್ರೆ ಮುಗೀತು ಕಥೆ."

ಮೂವತ್ತೊಂದು ವರ್ಷದ ಹಿಂದೆ ಅಕ್ಕ ಇಲ್ಲಿಗೆ ಸೇರಿದ್ದು ಟೈಪಿಸ್ಟ್ ಆಗಿ. ಕಲಿಸಿದವರು ಯಾರೂ ಇಲ್ಲ. ಯಂತ್ರಗಳ ಜೊತೆ ಬಂದ ಕೈಪಿಡಿಗಳನ್ನು ಓದಿ ಅವರೇ ಬರೆದ ಪ್ರೋಗ್ರಾಂ ಹದಿನೇಳು ವರ್ಷ ಓಡಿತು. ಅದು ಹನ್ನೊಂದನ್ನೂ ಸಾಲಾಗಿ ಕರೆದು, ಎರಡೂ ಬಾಯಿಯ ಮಾತು ಹಿಡಿದು, ಅಂಕಿ ನೋಡಿದ ಮೇಲೆಯೇ ವರದಿ ಬರೆಯುತ್ತಿತ್ತು. ಎರಡು ವರ್ಷದ ಹಿಂದೆ ಕೋಟು ತೊಟ್ಟ ಕಂಪನಿಯವರು ಬಂದು ಬಣ್ಣಬಣ್ಣದ ಹೊಸದನ್ನು ಕೂರಿಸಿದರು. ಅದಕ್ಕೆ ಕೇಳಿಸುವುದು ಮೊದಲ ಬಾಯಿ ಮಾತ್ರ. ಪುಟ್ಟ ಪ್ರೋಗ್ರಾಂ ಅರ್ಧದಲ್ಲಿ ಸತ್ತು ಬಿದ್ದರೂ ಎಲ್ಲರ ವರದಿಯಲ್ಲೂ 'ದೋಷವಿಲ್ಲ' ಎಂದು ಅಚ್ಚಾಗುತ್ತದೆ. ಮೌನಂ ಸಮ್ಮತಿ ಲಕ್ಷಣಂ ಅಂತೆ! ಅಕ್ಕ ಮೂರು ಪತ್ರ ಬರೆದರು. ಒಂದಕ್ಕೂ ಉತ್ತರ ಬರಲಿಲ್ಲ.

ಕಳೆದ ವರ್ಷ ಹೆರಿಗೆ ವಾರ್ಡಿನ ಆಯಾಗೆ ಕಾಲು ಊದಿಕೊಂಡಿತ್ತು. ಮೂತ್ರಪಿಂಡದ ಪರೀಕ್ಷೆಗೆ ರಕ್ತ ಕೊಟ್ಟರು. ಆ ಬೆಳಿಗ್ಗೆ ಅದನ್ನು ಪರೀಕ್ಷಿಸುವ ಏಳನೇ ಯಂತ್ರದ ಸಂಪರ್ಕ ಕಡಿದಿತ್ತು. ವರದಿ ಬಂತು: ದೋಷವಿಲ್ಲ. ಆಯಾ ಬಕೆಟ್ಟು ಎತ್ತಿಕೊಂಡು ಕೆಲಸಕ್ಕೆ ಹೋದರು. ಮೂರು ತಿಂಗಳ ಮೇಲೆ ಅದೇ ವಾರ್ಡಿನ ಬಾಗಿಲಲ್ಲಿ ಕುಸಿದರು. ಈಗ ವಾರಕ್ಕೆರಡು ಸಲ ಡಯಾಲಿಸಿಸ್.

ತನಿಖೆಯಾಯಿತು. "ಆಪರೇಟರ್ ಗಮನಿಸಬೇಕಿತ್ತು" ಎಂದು ಷರಾ ಬರೆದು ಕಡತ ಮುಚ್ಚಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅಕ್ಕ ತಮ್ಮ ಹಳೆಯ ಪ್ರೋಗ್ರಾಂ ಪಕ್ಕದಲ್ಲಿ ಓಡಿಸಲು ಅನುಮತಿ ಕೇಳಿದರೆ 'ಅನಧಿಕೃತ' ಎಂದರು. ಅದೇ ತಿಂಗಳು ಕಂಪನಿಗೆ ಆಸ್ಪತ್ರೆಯ ಸಭಾಂಗಣದಲ್ಲೇ ಉತ್ತಮ ಸೇವೆಯ ಫಲಕ ಕೊಟ್ಟರು. ಕುರ್ಚಿ ಕಡಿಮೆ ಬಿದ್ದಾಗ ಅಕ್ಕನ ಕೋಣೆಯ ಕುರ್ಚಿಯನ್ನೇ ಒಯ್ದಿದ್ದರು!

ಅಕ್ಕನನ್ನು ಕೊರೆಯುವುದು ಆ ಷರಾ ಅಲ್ಲ. "ಪತ್ರ ಬರೆದೆ, ನನ್ನ ಕೆಲಸ ಮುಗೀತು ಅಂದ್ಕೊಂಡೆ. ಅದೇ ನಾನು ಮಾಡಿದ ತಪ್ಪು. ಎದ್ದು ಹೋಗಿ ನೋಡಬೇಕಿತ್ತು."

ಅಂದಿನಿಂದ ದಿನವೂ ನೋಡುತ್ತಿದ್ದಾರೆ. ದಿನಕ್ಕೆ ಮುನ್ನೂರ ಹತ್ತು ಮಾದರಿ. ವೈದ್ಯರ ಕೈಗೆ ವರದಿ ಸೇರುವುದು ಎಂಟಕ್ಕೆ. ಅಂಕಿ ಸೊನ್ನೆಯಲ್ಲದಿದ್ದರೆ ಅಷ್ಟರೊಳಗೆ ಎರಡು ಮಹಡಿ ಹತ್ತಿ, ಲ್ಯಾಬಿನವರನ್ನು ಕಾಡಿಬೇಡಿ ಪರೀಕ್ಷೆ ಮತ್ತೆ ಮಾಡಿಸಬೇಕು. ಹತ್ತು ತಿಂಗಳಲ್ಲಿ ನಲವತ್ತಮೂರು ಸಲ ಹತ್ತಿದ್ದಾರೆ. ಇದು ಯಾವ ದಾಖಲೆಯಲ್ಲೂ ಇಲ್ಲ. ಕಂಪನಿಯ ವಾರ್ಷಿಕ ವರದಿ ಪ್ರಕಾರ ತಪ್ಪುಗಳ ಸಂಖ್ಯೆ ಸೊನ್ನೆ.

ಮನೆಯಲ್ಲಿ ಅತ್ತೆಯದು ಬೇರೆ ದೂರು: "ನಾನು ಸ್ವಲ್ಪ ಸುಮ್ಮನೆ ಕೂತ್ರೆ ಸಾಕು, ಹತ್ತು ಸಲ ಬಂದು 'ಅತ್ತೆ, ಹುಷಾರಾಗಿದ್ದೀರಾ' ಅಂತಾಳೆ. ನೆಮ್ಮದಿಯಾಗಿ ತೂಕಡಿಸೋಕೂ ಬಿಡಲ್ಲ ಮಹಾರಾಯ್ತಿ!"

ಈ ತಿಂಗಳ ಕೊನೆಗೆ ಅಕ್ಕನಿಗೆ ನಿವೃತ್ತಿ. ಆ ಜಾಗಕ್ಕೆ ಯಾರನ್ನೂ ನೇಮಿಸುವುದಿಲ್ಲವಂತೆ. ಆದರೂ ನೋಟ್‌ಬುಕ್ಕಿನ ಕೊನೆಯ ಪುಟದವರೆಗೆ ಮೂರು ಕಾಲಂ ಎಳೆದಿಟ್ಟಿದ್ದಾರೆ.

ಡಯಾಲಿಸಿಸ್ ದಿನ ಆಯಾ ಬೇಗ ಬಂದು, ತಮ್ಮ ಸರದಿಯವರೆಗೆ ಅಕ್ಕನ ಪಕ್ಕದ ಸ್ಟೂಲಿನ ಮೇಲೆ ಕೂರುತ್ತಾರೆ.

"ಏನಕ್ಕ, ಎಲ್ಲಾ ಮಾತಾಡಿದ್ವಾ ಇವತ್ತು?"

"ಏಳನೇದು ಮುನಿಸ್ಕೊಂಡಿತ್ತು. ಬಾಯಿ ಬಿಡಿಸಿದೆ."

ನಿವೃತ್ತಿಗೆ ಮುಂಚೆ ಏನು ಆಗಬೇಕು ಎಂದು ಕೇಳಿದರೆ ಅಕ್ಕ ಪೆನ್ನಿನ ಮುಚ್ಚಳ ಹಾಕುತ್ತಾರೆ. "ಸನ್ಮಾನ ಗಿನ್ಮಾನ ಏನೂ ಬೇಡ. ಯಂತ್ರ ಉತ್ತರ ಕೊಡದ ದಿನ ವರದಿಯಲ್ಲಿ 'ಪರೀಕ್ಷೆ ಆಗಿಲ್ಲ' ಅಂತ ಎರಡು ಪದ ಬರೋ ಹಾಗೆ ಮಾಡ್ಲಿ. ಆವತ್ತು ಅದಿದ್ದಿದ್ರೆ ಇವಳು ಇನ್ನೊಂದು ಸಲ ರಕ್ತ ಕೊಡ್ತಿದ್ಲು."

"ಕೊಡ್ತಿದ್ದೆ ಅಕ್ಕ," ಎನ್ನುತ್ತಾರೆ ಆಯಾ. "ಕೈ ಚಾಚೋಕೆ ಎಷ್ಟೊತ್ತು?"