ಒಂಬತ್ತು ಹಾಡಿನ ಮಿಕ್ಸ್ ಮಾಲು

ಆದೋನಿಯಲ್ಲಿ ರಾಕ್ ಬಾರಿಸುವವನು ನಾನೊಬ್ಬನೇ ಎಂದು ಜನ ನಗುತ್ತಾರೆ. ನಗಲಿ. ಮೂವತ್ತೈದು ವರ್ಷದಿಂದ ಹಗಲು ಹತ್ತಿ ಮಾರ್ಕೆಟ್‌ನಲ್ಲಿ ಮಾಲು ನೋಡುವ ಕೆಲಸ, ಸಂಜೆ ಗಿಟಾರು. ಈ ವರ್ಷ, ತಲೆ ಪೂರ್ತಿ ಬೆಳ್ಳಗಾದ ಮೇಲೆ, ನನ್ನ ಮೊದಲ ಆಲ್ಬಮ್ ಬಂತು. ಒಂಬತ್ತು ಹಾಡು, ಒಂದರಂತೆ ಇನ್ನೊಂದಿಲ್ಲ. ಮೊದಲನೆಯದು ಕಿವಿ ಹರಿಯುವ ರಾಕ್, ಮೂರನೆಯದು ತೆಲುಗಿನ ನಿಧಾನ ಹಾಡು, ಆರನೆಯದು ಕವ್ವಾಲಿ. ಐದನೆಯದರಲ್ಲಿ ಗಿಟಾರೇ ಇಲ್ಲ. ನಾಗಲದಿನ್ನೆಯ ನನ್ನ ಸೋದರತ್ತೆ ಹತ್ತಿ ಬಿಡಿಸುವಾಗ ಹೇಳುತ್ತಿದ್ದ ಪದವನ್ನು ಅವಳ ಬಾಯಲ್ಲೇ ಹಾಡಿಸಿದ್ದೇನೆ. ತಾಯಿ ಹೋದ ಮೇಲೆ ನನ್ನನ್ನು ಸಾಕಿದವಳು ಅವಳು.

ಮಾರ್ಕೆಟ್‌ನಲ್ಲಿ ಅಭಿಪ್ರಾಯಕ್ಕೆ ಬರವೇ? "ರಾಕ್ ಅಂದ್ರ ಬರೇ ರಾಕೇ ಇರಬೇಕ್ರಿ" ಎಂದ ತೂಕದವನು. ಹಮಾಲರಿಗೆ ಕವ್ವಾಲಿ ಬಿಟ್ಟು ಬೇರೇನೂ ಬೇಡ. ಹಿರಿಯ ದಲ್ಲಾಳಿಯೊಬ್ಬರು ಫೋನನ್ನು ಕಿವಿಗಿಟ್ಟುಕೊಂಡು, ಮೊದಲ ಹಾಡು ಅರ್ಧ, ಎರಡನೆಯದು ಅರ್ಧ ಕೇಳಿ ವಾಪಸ್ ಕೊಟ್ಟರು.

"ಮಿಕ್ಸ್ ಮಾಲು ಐತಿ ಬಿಡಪ್ಪ."

ಎಲ್ಲರೂ ನಕ್ಕರು. ನಮ್ಮಲ್ಲಿ ಇದಕ್ಕಿಂತ ಕೆಟ್ಟ ಮಾತಿಲ್ಲ. ಎರಡು ಜಾತಿಯ ಹತ್ತಿಯನ್ನು ಒಂದೇ ರಾಶಿಗೆ ಬೆರೆಸಿದರೆ ಅದು ಮೋಸ. ನಾನೂ ಎಷ್ಟೋ ರಾಶಿಗಳಿಗೆ ಹಾಗೆ ಅಂದವನೇ. ಆದರೂ ಮೈ ಉರಿಯಿತು.

"ಸಾವ್ಕಾರ್ರ, ಮ್ಯಾಲಿನ ಒಂದು ಹಿಡಿ ನೋಡಿ ರೇಟು ಹೇಳಿದ್ರ ರೈತ ಬಿಡ್ತಾನೇನ್ರಿ? ರಾಶಿ ಒಳಗ ಮೊಣಕೈ ತನಕ ಕೈ ಹಾಕ್ರಿ" ಎಂದೆ.

"ಅಷ್ಟು ಪುರುಸೊತ್ತು ಯಾರಿಗೈತಿ?" ಎಂದು ಅವರು ಎದ್ದು ಹೋದರು.

ವರ್ತಕರ ವಾರ್ಷಿಕ ಕಾರ್ಯಕ್ರಮದಲ್ಲಿ ನನಗೂ ಒಂದು ತಾಸು ಇತ್ತು. ಕಾರ್ಯಕ್ರಮ ನಡೆಸುವವನು ಬಂದು, "ಅಣ್ಣಾ, ಜೋರಿರೋವು ನಾಕು ಬಾರಿಸ್ರಿ ಸಾಕು. ಆ ಮುದುಕಿ ಹಾಡು ವದ್ದಣ್ಣಾ, ಬ್ಯಾಡ. ಜನ ಎದ್ದು ಹೋಗ್ತಾರ" ಎಂದ.

"ಬಾರಿಸಿದ್ರ ಒಂಬತ್ತೂ, ಇಲ್ಲಾಂದ್ರ ಒಂದೂ ಇಲ್ಲ. ಆಕಿ ಮುದುಕಿ ಅಲ್ಲ, ನಮ್ಮತ್ತಿ" ಎಂದೆ.

ನನ್ನ ತಾಸನ್ನು ಬೇರೆ ಆರ್ಕೆಸ್ಟ್ರಾಕ್ಕೆ ಕೊಟ್ಟರು. ಕೊಡಲಿ. ನನಗೆ ಸಂಕಟವಾದದ್ದು ಒಂದಕ್ಕೇ. ತನ್ನ ದನಿ ಮೈಕಿನಲ್ಲಿ ಬರುತ್ತದೆಂದು ಅತ್ತೆ ಊರಿಗೆಲ್ಲ ಹೇಳಿಕೊಂಡಿದ್ದಳು, ಎಮ್ಮಿಗನೂರಿನಿಂದ ಹೊಸ ಸೀರೆ ತರಿಸಿಕೊಂಡಿದ್ದಳು. ಫೋನಿನಲ್ಲಿ ವಿಷಯ ಹೇಳಲು ನನಗೆ ಬಾಯಿಯೇ ಬರಲಿಲ್ಲ.

ಕಾರ್ಯಕ್ರಮದ ದಿನ ಬೆಳಿಗ್ಗೆ ಸ್ಪೀಕರ್ ಡಬ್ಬವನ್ನು ಆಟೋದಲ್ಲಿ ಹಾಕಿಕೊಂಡು ನಾಗಲದಿನ್ನೆಗೆ ಹೋದೆ. ಅತ್ತೆ ಆ ಸೀರೆ ಉಟ್ಟು, ಆದೋನಿಗೆ ಹೊರಡಲು ತಯಾರಾಗಿ ಕಟ್ಟೆಯ ಮೇಲೆ ಕುಳಿತಿದ್ದಳು. ನಡೆದದ್ದನ್ನೆಲ್ಲ ಹೇಳಿದೆ, ದಲ್ಲಾಳಿಯ ಮಾತನ್ನೂ ಬಿಡಲಿಲ್ಲ. ಅವಳು ಸೆರಗು ಸರಿಮಾಡಿಕೊಂಡಳು. ಇನ್ನು ಕಾಯಿಸುವುದು ಬೇಡವೆಂದು ನೇರವಾಗಿ ಐದನೆಯ ಹಾಡು ಹಚ್ಚಿದೆ. ಎರಡು ಸಾಲು ಮುಗಿಯುವಷ್ಟರಲ್ಲಿ ಅವಳು ಕೈ ಎತ್ತಿದಳು.

"ನಿಂದರ್ಸು. ನಂದೊಂದೇ ಯಾಕ ಹಚ್ಚಿದ್ಯೋ? ಒಂದು ಹಿಡಿ ನೋಡಿ ಬಿಡಾಕ ನಾನೇನು ದಲ್ಲಾಳಿಯೇನು? ಮೊದಲನೇದರಿಂದ ಹಚ್ಚು."